ವಿಭೂತಿ ಹಚ್ಚಿದ ಮೀನು

ಅಳುವ ಮಕ್ಕಳನ್ನು ಸುಮ್ಮನಾಗಿಸುವ ವಿದ್ಯೆಯೊಂದನ್ನು ಬಿಟ್ಟರೆ ನನಗೆ ಬೇರೆ ಯಾವ ವಿದ್ಯೆಯೂ ಹತ್ತಲಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಕನ್ನಡವನ್ನೇ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಇಂಗ್ಲಿಷಿನ ತಂಟೆಗಂತೂ ಹೋಗಿಯೇ ಇಲ್ಲ. ಆದರೆ ಎಂಥ ಹಟಮಾರಿ ಮಗುವನ್ನಾದರೂ ನನ್ನ ಕೈಗೆ ಕೊಡಿ. ಸೊಂಟದ ಮೇಲಿಟ್ಟುಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ, "ಅಗೋ ಕಾಗೆ! ಪಾಪ, ಅದಕ್ಕೆ ಯಾರೂ ಇಲ್ಲ, ನೀನೇ ನೋಡ್ಕೋಬೇಕು" ಎಂದರೆ ಮುಗಿಯಿತು. ಮಗು ಅಳು ಮರೆತು ಕಾಗೆಯ ಸಂಸಾರದ ಜವಾಬ್ದಾರಿ ಹೊತ್ತುಕೊಳ್ಳುತ್ತದೆ. ಮೊಮ್ಮಗಳು ಚಿನ್ಮಯಿ ಬೆಳೆದದ್ದೇ ಹಾಗೆ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಅವಳಿಗೆ ತೋರಿಸದೆ ಬಿಟ್ಟ ಕಾಗೆ ಒಂದಿಲ್ಲ.

ಈಗ ಅವಳು ನಾಗಪುರದಲ್ಲಿದ್ದಾಳೆ. ಅಳಿಯಂದಿರಿಗೆ ರೈಲ್ವೆ ಕೆಲಸ, ಹಾಕಿದ ಊರಿಗೆ ಹೋಗಬೇಕು. ಈ ದಸರಾ ರಜಕ್ಕೆ ಮಗಳು ಚಿನ್ಮಯಿಯನ್ನೂ ಅವಳ ತಮ್ಮ ಗಗನ್‌ನನ್ನೂ ಕರೆದುಕೊಂಡು ಬಂದಾಗ ನನಗೆ ಕಾಲು ನೆಲದ ಮೇಲಿರಲಿಲ್ಲ. ಒಬ್ಬಟ್ಟು ಕೇಳಿದವರಿಗೆ ಒಬ್ಬಟ್ಟು, ಕೇಳದವರಿಗೂ ಒಬ್ಬಟ್ಟು. ಹಾಲಿನವನಿಗೆ, ಹೂವಿನವಳಿಗೆ, ಕೊನೆಗೆ ಮೀಟರು ನೋಡಲು ಬಂದವನಿಗೂ "ನಮ್ಮ ಮೊಮ್ಮಕ್ಕಳು ಬಂದಿದಾರೆ" ಎಂದು ಹೇಳಿದೆ. ಆತ ಪಾಪ, "ಒಳ್ಳೇದಮ್ಮ, ಮೀಟರ್ ಎಲ್ಲಿದೆ?" ಎಂದ.

ಊರಿಗೆ ಹೊರಡುವ ದಿನ ಬೆಳಿಗ್ಗೆ ಮಕ್ಕಳು ಹಟ ಹಿಡಿದವು. ಮಲ್ಲೇಶ್ವರದ ಸಂಪಿಗೆ ರಸ್ತೆಯ ಮಾಲಿನಲ್ಲಿ ಬೆಳಕಿನ ಆಟದ ಮನೆಯೊಂದು ಇದೆಯಂತೆ, ಗೋಡೆ ಮುಟ್ಟಿದರೆ ಮಾತಾಡುತ್ತದಂತೆ, ನೆಲ ತುಳಿದರೆ ಹೂ ಅರಳುತ್ತದಂತೆ. ಮಗಳು ಗಂಟುಮೂಟೆ ಕಟ್ಟುತ್ತ ಮನೆಯಲ್ಲೇ ಉಳಿದಳು. ಮಕ್ಕಳನ್ನು ಕರೆದುಕೊಂಡು ನಾನೂ ನಮ್ಮ ಯಜಮಾನರೂ ಹೊರಟೆವು. ಬಾಗಿಲಲ್ಲಿ ಕತ್ತಲೆ, ಒಳಗೆ ಮಂದ ದೀಪ, ಎಲ್ಲಿಂದಲೋ ಸಣ್ಣಗೆ ಸಂಗೀತ. ಗರ್ಭಗುಡಿಯ ಹಾಗೇ ಕಂಡಿತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ನೆಲದ ತುಂಬ ನೀರು! ತಟ್ಟನೆ ಸೀರೆಯ ನೆರಿಗೆ ಮೇಲೆತ್ತಿ ಹಿಡಿದೆ.

"ಲೇ, ಅದು ನೀರಲ್ಲ ಕಣೇ, ಬೆಳಕು. ಸೀರೆ ಇಳಿಸು, ಜನ ನೋಡ್ತಿದಾರೆ" ಎಂದರು ಯಜಮಾನರು.

"ಗೊತ್ತು ಬಿಡಿ" ಎಂದೆ. ಆದರೂ ಆ ಕೋಣೆ ದಾಟುವವರೆಗೆ ನೆರಿಗೆ ಬಿಡಲಿಲ್ಲ. ಯಾರಿಗೆ ಗೊತ್ತು!

ಅದರ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಮೀನಿನ ಚಿತ್ರದ ಹಾಳೆ ಕೊಟ್ಟು ಬಣ್ಣ ತುಂಬಲು ಹೇಳುತ್ತಾರೆ. ಹಾಳೆಯನ್ನು ಯಂತ್ರದ ಬಾಯಿಗೆ ಇಟ್ಟರೆ ಅದೇ ಮೀನು ಎದುರಿನ ದೊಡ್ಡ ಗೋಡೆಯ ಮೇಲೆ ಬಾಲ ಅಲ್ಲಾಡಿಸುತ್ತ ಈಜಲು ಶುರುಮಾಡುತ್ತದೆ. ಗಗನ್ ತನ್ನ ಮೀನಿಗೆ ಪೂರ್ತಿ ಕಪ್ಪು ಬಳಿದು "ಇದು ತಾತ" ಎಂದ. ಚಿನ್ಮಯಿ ಹಸಿರು ಮೀನು ಮಾಡಿ ಕಾಲಿಲ್ಲದ ಅದಕ್ಕೆ ಗೆಜ್ಜೆ ಕಟ್ಟಿದಳು. ನನಗೂ ಒಂದು ಹಾಳೆ ಕೊಟ್ಟರು. ರಂಗೋಲಿ ಕೈ ಸುಮ್ಮನಿರುತ್ತದೆಯೇ? ಮೈತುಂಬ ಚುಕ್ಕಿಯಿಟ್ಟು ಎಳೆ ಎಳೆದೆ. ಹಣೆ ಬೋಳಾಗಿ ಕಂಡಿತು. ಮೂರು ಬೆರಳು ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟೆ.

"ಹುಟ್ಟಿದಾಗಿಂದ ಮೊಟ್ಟೆ ಮುಟ್ಟಿದವಳಲ್ಲ, ಈಗ ಮೀನಿಗೇ ವಿಭೂತಿ ಹಚ್ಚಿ ನಮ್ಮ ಮತಕ್ಕೆ ಸೇರಿಸ್ಬಿಟ್ಯಲ್ಲೇ!" ಯಜಮಾನರ ನಗು ಕೋಣೆಗೆಲ್ಲ ಕೇಳಿಸಿತು.

ಗೋಡೆಯ ಮೇಲೆ ವಿಭೂತಿಯ ಮೀನು, ಅದರ ಹಿಂದೆ ಹಸಿರು ಮೀನು, ಆಮೇಲೆ ಕಪ್ಪು ತಾತ. ನಮ್ಮ ಸಂಸಾರವೇ ಸಾಲಾಗಿ ಎಲ್ಲೋ ಹೊರಟ ಹಾಗೆ. ನೋಡುತ್ತ ನೋಡುತ್ತ ಹಸಿರು ಮೀನೂ ಕಪ್ಪು ಮೀನೂ ಬೇಗ ಬೇಗ ಈಜಿ ಗೋಡೆಯ ಅಂಚಿನಲ್ಲಿ ಮಾಯವಾದವು. ನನ್ನದು ನಿಧಾನದ ಮೀನು, ಹಿಂದೆಯೇ ಉಳಿಯಿತು. ಅಷ್ಟಕ್ಕೇ ನನ್ನ ಕಣ್ಣು ತುಂಬಿಬಿಟ್ಟಿತು. ಸಂಜೆ ರೈಲಿದೆ ಎನ್ನುವುದು ನೆನಪಾಗಿತ್ತು. ಕತ್ತಲಲ್ಲಿ ಯಾರಿಗೆ ಕಾಣುತ್ತದೆ ಎಂದು ಸೆರಗಿನಿಂದ ಒರೆಸಿಕೊಂಡೆ.

ಚಿನ್ಮಯಿ ನನ್ನ ಕೈ ಹಿಡಿದು ಎಳೆದಳು. "ಅಜ್ಜಿ, ನಾನು ಹೋದ್ಮೇಲೆ ನನ್ ಮೀನನ್ನ ನೀನೇ ನೋಡ್ಕೋಬೇಕು, ಆಯ್ತಾ?"

"ನೋಡ್ಕೋತೀನಿ ಕಣೇ ಬಂಗಾರಿ."

"ಪ್ರಾಮಿಸ್?"

"ಪ್ರಾಮಿಸ್ಸು."

ಮಕ್ಕಳು ಹೋದರು. ಮನೆ ಬಿಕೋ ಎನ್ನತೊಡಗಿತು. ಬಚ್ಚಲಿನ ಕನ್ನಡಿಯ ಮೇಲೆ ಗಗನ್ ಹಾರಿಸಿದ ಪೇಸ್ಟಿನ ಚುಕ್ಕಿಗಳಿದ್ದವು. ಒರೆಸಲು ಹೋದ ಕೈ ಹಿಂದೆ ಬಂತು. ಹೊರಗೆ ಕಾಗೆ ಕೂಗಿದರೆ ತೋರಿಸಲು ಸೊಂಟದ ಮೇಲೆ ಯಾರೂ ಇಲ್ಲ. ಎರಡು ದಿನ ಹೇಗೋ ತಡೆದುಕೊಂಡೆ. ಮೂರನೆಯ ದಿನ ಯಜಮಾನರಿಗೆ "ಮಾರ್ಕೆಟ್ಟಿಗೆ ಹೋಗ್ಬರ್ತೀನಿ" ಎಂದು ಹೇಳಿ, ಮಾರ್ಕೆಟ್ಟಿನ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆ. ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಆಟದ ಮನೆಯ ಬಾಗಿಲಲ್ಲಿ ಟಿಕೆಟ್ ಕೊಡುವ ಹುಡುಗಿ ನನ್ನ ಹಿಂದೆ ಮುಂದೆ ನೋಡಿದಳು. "ಮಕ್ಕಳೆಲ್ಲಿ ಅಜ್ಜಿ?"

"ನಾಗಪುರದಲ್ಲಿ."

"ಮತ್ತೆ ನೀವು?"

"ಅವರ ಮೀನು ಇಲ್ಲೇ ಇದೆಯಲ್ಲಮ್ಮ."

ಹುಡುಗಿ ಒಳಗೆ ಬಿಟ್ಟಳು. ಗೋಡೆಯ ತುಂಬ ಮೀನುಗಳಿದ್ದವು, ಎಲ್ಲ ಯಾರ ಯಾರದೋ. ಗೆಜ್ಜೆಯ ಮೀನು ಈಗ ಬಂದೀತು, ಆಗ ಬಂದೀತು ಎಂದು ಕಾಲು ನೋಯುವವರೆಗೆ ನಿಂತೆ. ಕೊನೆಗೆ ಹುಡುಗಿಯೇ ಹತ್ತಿರ ಬಂದು ಮೆಲ್ಲಗೆ, "ಅಜ್ಜಿ, ದಿನಾ ಮುಚ್ಚೋವಾಗ ಎಲ್ಲಾ ಅಳಿಸ್ಬಿಡ್ತೀವಿ. ಬೆಳಿಗ್ಗೆ ಮತ್ತೆ ಹೊಸದು" ಎಂದಳು.

"ಅಯ್ಯೋ, ಅಷ್ಟು ಚೆಂದ ಬಿಡಿಸಿರೋದನ್ನ ಅಳಿಸೋಕೆ ಕೈಯಾದ್ರೂ ಹೇಗಮ್ಮ ಬರುತ್ತೆ ನಿಮ್ಗೆ?" ಎಂದು ದನಿ ಏರಿಸಿದೆ. ಏರಿಸಿದ ಮೇಲೆ ನೆನಪಾಯಿತು: ಮದುವೆಯಾಗಿ ಬಂದಂದಿನಿಂದ ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಹಿಂದಿನ ದಿನದ ರಂಗೋಲಿ ತೊಳೆಯುವವಳು ನಾನೇ. ಒಂದು ದಿನವೂ ಕೈ ನಡುಗಿದ್ದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಆದರೆ ಮಗುವಿಗೆ ಏನೆಂದು ಹೇಳುವುದು? ಮಾತು ಕೊಟ್ಟಿದ್ದೇನೆ. ಸಂಜೆ ಚಿನ್ಮಯಿ ಫೋನಿನಲ್ಲಿ ಮುಖ ತೋರಿಸಿದ ಕೂಡಲೇ ಹೇಳಿಬಿಟ್ಟೆ. "ಬಂಗಾರಿ, ನಿನ್ನ ಮೀನು... ಅವರು ಅಳಿಸ್ಬಿಟ್ಟಿದಾರೆ ಕಣೇ. ನಾನು ನೋಡ್ಕೊಳ್ಳೋಕೆ ಆಗ್ಲಿಲ್ಲ."

"ಗೊತ್ತು ಅಜ್ಜಿ."

"ಗೊತ್ತಾ?"

"ಬಾಗಿಲಲ್ಲೇ ಇಂಗ್ಲಿಷಲ್ಲಿ ಬರೆದಿತ್ತಲ್ಲ, ರಾತ್ರಿ ಅಳಿಸ್ತೀವಿ ಅಂತ."

"ಮತ್ತೆ ನೋಡ್ಕೋ ಅಂತ ನನಗ್ಯಾಕೇ ಹೇಳ್ದೆ?"

"ನೀನು ಅಳ್ತಿದ್ಯಲ್ಲ ಅಜ್ಜಿ, ಅದಕ್ಕೆ."

ಯಜಮಾನರು ಪೇಪರಿನ ಹಿಂದಿನಿಂದಲೇ "ಮಾರ್ಕೆಟ್ಟಲ್ಲಿ ಈಗ ಮೀನೂ ಸಿಗುತ್ತೇನೇ?" ಎಂದರು. ನನಗಿದ್ದದ್ದು ಒಂದೇ ವಿದ್ಯೆ. ಅದನ್ನೂ ಕಲಿತುಕೊಂಡು ನನ್ನ ಮೇಲೆಯೇ ಪ್ರಯೋಗ ಮಾಡಿ, ಆ ಪುಟ್ಟ ಹುಡುಗಿ ನನಗೇ ಕಾಗೆ ತೋರಿಸಿ ಹೋಗಿದ್ದಳು. ನಾನೂ ಅಳು ನಿಲ್ಲಿಸಿ, ಮೆಟ್ರೋ ಹತ್ತಿ, ಮಲ್ಲೇಶ್ವರದವರೆಗೂ ಅದನ್ನು ನೋಡಿಕೊಳ್ಳಲು ಹೋಗಿದ್ದೆ.