ಭಟ್ರು ಬಾಳೆಹಣ್ಣು ಬಿಟ್ಟದ್ದು

"ಮಳೆಗಾಲ ಸುರುವಾಗುವುದರೊಳಗೆ ನಿಮ್ಮ ಮೈಯಲ್ಲಿರುವ ಸಕ್ಕರೆಯನ್ನು ಓಡಿಸದಿದ್ದರೆ ನನ್ನ ಹೆಸರು ಶ್ರೀಮತಿಯೇ ಅಲ್ಲ!"

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿದ್ದ ಸೌಟನ್ನು ಆಕಾಶಕ್ಕೆತ್ತಿ ನಾನು ಈ ಪ್ರತಿಜ್ಞೆ ಮಾಡಿದ್ದು ಎಂಬತ್ತೊಂದನೇ ಇಸವಿಯ ಶಿವರಾತ್ರಿ ಕಳೆದ ಮೇಲೆ. ದೇವತೆಗಳು ಹೂಮಳೆ ಸುರಿಸುವುದೊಂದು ಬಾಕಿ. ಅವರಿಗೆ ಪುರುಸೊತ್ತಿರಲಿಲ್ಲವೋ ಏನೋ, ಸೌಟಿನಲ್ಲಿದ್ದ ಸಾರೇ ನನ್ನ ತಲೆಯ ಮೇಲೆ ಸುರಿಯಿತು.

"ಹೆಸರು ಹೋಗುವ ಹೆದರಿಕೆ ನಿನಗೆ ಬೇಡ," ಎಂದರು ಇವರು. "ಮದುವೆಯಾದ ಹೆಂಗಸರಿಗೆಲ್ಲ ಸರಕಾರ ಅದನ್ನು ಪುಕ್ಕಟೆ ಕೊಡ್ತದೆ."

ಇವರೆಂದರೆ ನನ್ನ ಗಂಡ, ಯಜ್ಞನಾರಾಯಣ ಭಟ್ಟರು. ಪುರೋಹಿತರು. ಕಾಪುವಿನಿಂದ ಕಟಪಾಡಿಯವರೆಗೆ ಮನೆ ಒಕ್ಕಲಿರಲಿ, ನಾಮಕರಣವಿರಲಿ, ಇವರು ಬಂದು ಸಂಕಲ್ಪ ಹೇಳದೆ ಕಾರ್ಯ ಮುಂದೆ ಹೋಗುತ್ತಿರಲಿಲ್ಲ. ಹೋದಲ್ಲೆಲ್ಲ ಪಾಯಸ, ಕುಳಿತಲ್ಲೆಲ್ಲ ಪಂಚಕಜ್ಜಾಯ. ಇಷ್ಟು ವರ್ಷ ದೇವರ ಹೆಸರಿನಲ್ಲಿ ಒಳಗೆ ಹೋದದ್ದು ಒಂದು ದಿನ ಹೊರಗೆ ಬರಲೇಬೇಕಲ್ಲ? ಮಣಿಪಾಲದ ಡಾಕ್ಟರ್ ಲಿಯೋನೆಲ್ ಅವರ ಕ್ಲಿನಿಕ್ಕಿನಲ್ಲಿ, ಮೂತ್ರ ಪರೀಕ್ಷೆಯ ಗಾಜಿನ ನಳಿಗೆಯಲ್ಲಿ ಬಂತು.

"ಸಕ್ಕರೆ ಬಿಡಿ, ಬೆಲ್ಲ ಬಿಡಿ, ಪಾಯಸ ಬಿಡಿ. ಅನ್ನ ಕಡಿಮೆ ಮಾಡಿ, ನಡೆಯುವುದು ಜಾಸ್ತಿ ಮಾಡಿ," ಎಂದು ಡಾಕ್ಟರರು ಹೇಳಿದರು.

ಇವರು ಕೂಡಲೇ ಒಪ್ಪಿದರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ಮನೆಗೆ ಬಂದವರು ಸಕ್ಕರೆ ಹಾಕದ ಕಾಫಿಯನ್ನು ಮುಖ ಸಿಂಡರಿಸದೆ ಕುಡಿದು, ಒಂದು ಚಿಪ್ಪು ಬಾಳೆಹಣ್ಣನ್ನು ತೊಡೆಯ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕುಳಿತರು. ಒಂದಾಯಿತು, ಎರಡಾಯಿತು. ಸಿಪ್ಪೆಯ ರಾಶಿ ಏರಿತು.

"ಎಂತ ಇದು?"

"ಹಣ್ಣು."

"ಅದು ಕಾಣ್ತದೆ. ಡಾಕ್ಟರು ಸಿಹಿ ಬೇಡ ಅಂದರಲ್ಲ?"

"ಡಾಕ್ಟರು ಎಂತ ಹೇಳಿದ್ದು? ಸಕ್ಕರೆ, ಬೆಲ್ಲ, ಪಾಯಸ. ಹಣ್ಣು ಎಂದರಾ? ಸಕ್ಕರೆ ಕಾರ್ಖಾನೆಯದ್ದು ಮಾರಾಯ್ತಿ, ಹಣ್ಣು ಪ್ರಕೃತಿಯದ್ದು. ಬಾಳೆಗಿಡದಲ್ಲಿ ಎಲ್ಲಾದರೂ ಸಕ್ಕರೆ ಅಂಗಡಿ ಉಂಟಾ?"

"ಹಾಗಾದರೆ ಕಬ್ಬು ಎಲ್ಲಿ ಬೆಳೆಯುವುದು? ಕಾರ್ಖಾನೆಯ ಮಾಡಿನ ಮೇಲೆಯಾ?"

ಇವರು ತರ್ಕಶಾಸ್ತ್ರ ಓದಿದವರು. ಆದರೆ ಬಾಯಲ್ಲಿ ಬಾಳೆಹಣ್ಣು ಇದ್ದಾಗ ತರ್ಕ ಹೊರಗೆ ಬರುವುದು ಕಷ್ಟ. ನುಂಗಿದ ಮೇಲೆ ಹೇಳಿದರು: "ಋಷಿಮುನಿಗಳೆಲ್ಲ ಫಲಾಹಾರದಲ್ಲೇ ಇದ್ದವರು. ಯಾವ ಋಷಿಗೆ ಸಕ್ಕರೆ ಕಾಯಿಲೆ ಬಂದಿತ್ತು, ಹೇಳು?"

"ಯಾವ ಋಷಿ ಜಗಲಿಯಲ್ಲಿ ಕೂತು ಚಿಪ್ಪುಗಟ್ಟಲೆ ತಿಂದಿದ್ದ, ನೀವು ಹೇಳಿ!"

ಮಾತಿನಿಂದ ಇತ್ಯರ್ಥವಾಗುವ ವಿಷಯ ಇದಲ್ಲವೆಂದು ನಾನು ವಿಜ್ಞಾನದ ಮೊರೆಹೊಕ್ಕೆ. ಕ್ಲಿನಿಕ್ಕಿನ ನರ್ಸು ಅಪೊಲೋನಿಯಾ ನನಗೆ ನೀಲಿ ದ್ರಾವಣದ ಒಂದು ಬಾಟಲಿ, ಒಂದು ಗಾಜಿನ ನಳಿಗೆ ಕೊಟ್ಟು ಮನೆಯಲ್ಲೇ ಪರೀಕ್ಷೆ ಮಾಡುವುದನ್ನು ಕಲಿಸಿದ್ದಳು. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಕೆಂಪಾದರೆ ದೇವರೇ ಗತಿ! ಅಡುಗೆಮನೆಯ ಹೊಸ್ತಿಲು ಆ ನಳಿಗೆಗೆ ನಿಷಿದ್ಧವಾದ್ದರಿಂದ ಬಚ್ಚಲುಮನೆಯ ಒಲೆಯೇ ನನ್ನ ಪ್ರಯೋಗಶಾಲೆಯಾಯಿತು. ಇಕ್ಕಳದಲ್ಲಿ ನಳಿಗೆ ಹಿಡಿದು, ಸೆರಗಿನಿಂದ ಮೂಗು ಮುಚ್ಚಿ ನಾನು ಕುದಿಸಿದೆ. ಇವರು ಹೊರಗೆ ನಿಂತು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮೆಟ್ರಿಕ್ ಹುಡುಗನಂತೆ ಉಗುರು ಕಚ್ಚಿದರು.

ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಹಳದಿ ಕಿತ್ತಳೆಯಾಗಿ, ಕೊನೆಗೆ ಅಪ್ಪಟ ಮಂಗಳೂರು ಹಂಚಿನ ಬಣ್ಣಕ್ಕೆ ಬಂದು ನಿಂತಿತು.

"ನೋಡಿ ನಿಮ್ಮ ಪ್ರಕೃತಿಯನ್ನು!" ಎಂದು ನಳಿಗೆಯನ್ನು ಮುಖಕ್ಕೆ ಹಿಡಿದೆ. "ಇನ್ನು ಹಣ್ಣು ಬಂದ್!"

ಇವರು ಸೋಲೊಪ್ಪಿಕೊಂಡರು. ಆದರೆ ಒಂದೇ ಒಂದು ಶರತ್ತು ಹಾಕಿದರು. "ಕಾಯಿಲೆಯ ವಿಷಯ ಹೊರಗೆ ಗೊತ್ತಾಗಬಾರದು. ಆಯುಷ್ಯ ಹೋಮ ಮಾಡಿಸುವ ಭಟ್ರಿಗೇ ಸಕ್ಕರೆ ಕಾಯಿಲೆ ಎಂದರೆ ನಾಳೆ ನನ್ನನ್ನು ಯಾರು ಕರೀತಾರೆ?"

ಮಾತು ಸರಿಯೇ. ಛತ್ರಿ ರಿಪೇರಿಯವನು ಮಳೆಯಲ್ಲಿ ನೆನೆದುಕೊಂಡು ಹೋದರೆ ಗಿರಾಕಿಗಳು ಎಂತ ತಿಳಿದುಕೊಳ್ಳಬೇಕು? ನಾನು ಮಾತು ಕೊಟ್ಟೆ.

ಮಾತು ಕೊಟ್ಟ ವಾರದಲ್ಲೇ ಕಟಪಾಡಿಯ ನಳಿನಾಕ್ಷಿಯಮ್ಮನ ಮನೆ ಒಕ್ಕಲು ಬಂತು. ಮಗ ದುಬಾಯಿಯಲ್ಲಿದ್ದ, ಹೊಸ ಟೆರೇಸು ಮನೆ ಎದ್ದಿತ್ತು, ಊರೆಲ್ಲ ಸೇರಿತ್ತು. ಇವರ ಬಾಯಿಯ ಮೇಲೆ ಕಾವಲಿಡಲು ನಾನೂ ಹೋಗಿದ್ದೆ. ಬೆಳಗ್ಗಿನಿಂದ ಉಪವಾಸವಿದ್ದು ಹೋಮ ಮುಗಿಸಿದ ಇವರ ಮುಂದೆ ನಳಿನಾಕ್ಷಿಯಮ್ಮ ಬೆಳ್ಳಿ ತಟ್ಟೆ ತಂದಿಟ್ಟರು. ಅದರಲ್ಲಿ ಒಂದು ಲೋಟ ಹಾಲು, ಪಕ್ಕದಲ್ಲಿ ಚಿನ್ನದ ಬಣ್ಣದ ಕದಳಿ ಬಾಳೆಹಣ್ಣು.

"ಭಟ್ರೇ, ಸ್ವಲ್ಪ ಹಾಲು-ಹಣ್ಣು ತೆಗೆದುಕೊಳ್ಳಿ."

ಇವರ ಕೈ ಹಾಲಿನ ಕಡೆಗೆ ಹೊರಟದ್ದು ದಾರಿಯಲ್ಲಿ ಹಣ್ಣಿನ ಕಡೆಗೆ ತಿರುಗಿತು!

"ಬೇಡ!"

ನನ್ನ ಬಾಯಿಂದ ಹೊರಟ ಆ ಒಂದು ಶಬ್ದಕ್ಕೆ ವಾಲಗದವರು ಕೂಡ ನಿಲ್ಲಿಸಿದರು. ನಳಿನಾಕ್ಷಿಯಮ್ಮನ ಮುಖ ಕಪ್ಪಿಟ್ಟಿತು.

"ಎಂತ ಅಮ್ಮ? ನಮ್ಮ ಮನೆಯ ಹಣ್ಣು ನಿಮಗೆ ಆಗುವುದಿಲ್ವಾ?"

"ಅಯ್ಯೋ, ಹಾಗಲ್ಲ! ಹಾಗಲ್ಲವೇ ಅಲ್ಲ!" ನಾನು ಬೆವತೆ. ಕಾಯಿಲೆ ಎನ್ನುವಂತಿಲ್ಲ. "ಇವರು... ಇವರು ಬಾಳೆಹಣ್ಣು ಬಿಟ್ಟಿದ್ದಾರೆ."

ಅವರ ಕಣ್ಣು ಅರಳಿತು. "ಬಿಟ್ಟಿದ್ದಾರಾ? ಕಾಶಿಯಲ್ಲಾ?"

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರುವುದುಂಟು. ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಕುತ್ತಿಗೆಯನ್ನು ಎತ್ತಲಾಗಿಯೂ ಅಲ್ಲದ ಹಾಗೆ ಒಮ್ಮೆ ತಿರುಗಿಸಿದೆ. ನೆರೆದವರು ತಮಗೆ ಬೇಕಾದ ಉತ್ತರವನ್ನು ಅದರಿಂದ ತೆಗೆದುಕೊಂಡರು. ನಳಿನಾಕ್ಷಿಯಮ್ಮ ಅಲ್ಲೇ ಇವರ ಕಾಲಿಗೆ ಬಿದ್ದರು. ಅವರ ಹಿಂದೆ ಸೊಸೆ, ಸೊಸೆಯ ಹಿಂದೆ ಸೊಸೆಯ ತಾಯಿ!

ಬಸ್ಸಿನಲ್ಲಿ ಇವರು ಹಲ್ಲು ಕಚ್ಚಿ ಹೇಳಿದರು: "ನಾನು ಸಂತೆಕಟ್ಟೆಯಿಂದ ಆಚೆ ಕಾಲಿಟ್ಟವನಲ್ಲ! ನನ್ನನ್ನು ಸೀದಾ ಕಾಶಿಗೆ ಕಳಿಸಿದೆಯಲ್ಲ!"

"ಟಿಕೇಟು ತೆಗೆಯದೆ ಹೋಗಿ ಬಂದಿರಿ. ಸಂತೋಷಪಡಿ."

"ಸಂತೋಷವಾ? ನಾಳೆ ಗಂಗೆಯ ತೀರ್ಥ ಕೇಳಿದರೆ ಎಲ್ಲಿಂದ ಕೊಡಲಿ? ನಮ್ಮ ಬಾವಿಯಿಂದಲಾ?"

ನಾಳೆ ಕೇಳಲಿಲ್ಲ, ಅದೇ ಸಂಜೆ ಕೇಳಿದರು! ಒಬ್ಬರು ತಾಮ್ರದ ಚೆಂಬು ಹಿಡಿದು ಬಂದರು. ಇನ್ನೊಬ್ಬರು "ಕಾಶಿ ಸಮಾರಾಧನೆ ಯಾವಾಗ ಭಟ್ರೇ?" ಎಂದು ಊಟದ ದಿನ ಗೊತ್ತುಮಾಡಲು ಬಂದರು. ಇವರಿಗೆ ಸುಳ್ಳೆಂದರೆ ಆಗದು. ಮುಂದಿನ ಪೂಜೆಯಲ್ಲಿ ಮಂಗಳಾರತಿ ಮುಗಿದದ್ದೇ ಎದ್ದು ನಿಂತು, ನೆರೆದವರಿಗೆಲ್ಲ ಕೇಳುವಂತೆ ಹೇಳಿಬಿಟ್ಟರು:

"ನಾನು ಕಾಶಿಗೆ ಹೋಗಲಿಲ್ಲ. ಬಾಳೆಹಣ್ಣು ಬಿಟ್ಟದ್ದು ಮಾತ್ರ ಹೌದು."

ಸತ್ಯ ಹೇಳಿದರೆ ಗಂಟು ಬಿಚ್ಚುತ್ತದೆ ಎಂದು ದೊಡ್ಡವರು ಹೇಳುತ್ತಾರಲ್ಲ, ಅವರಿಗೆ ಕಟಪಾಡಿ ಗೊತ್ತಿಲ್ಲ. ಹಿಂದಿನ ಸಾಲಿನಿಂದ ಯಾರದೋ ಗದ್ಗದ ಕಂಠ: "ಕಾಶಿಗೂ ಹೋಗದೆ ಬಿಟ್ಟರಾ! ಎಂಥ ವೈರಾಗ್ಯ!"

ಅಲ್ಲಿಗೆ ನಮ್ಮ ಗ್ರಹಚಾರ ಕೈಕೊಟ್ಟಿತು. ಕಾಶಿಗೆ ಹೋಗಿ ಬಿಡುವವರನ್ನು ಊರು ಬೇಕಾದಷ್ಟು ಕಂಡಿತ್ತು. ಮನೆಯಲ್ಲೇ ಕೂತು ಬಿಟ್ಟವರನ್ನು ಕಂಡಿರಲಿಲ್ಲ. ವಿರಾಗಿಯ ದರ್ಶನಕ್ಕೆ ಜನ ಬರತೊಡಗಿದರು. ಬರಿಗೈಯಲ್ಲಿ ಬರಬಾರದಲ್ಲ? "ಭಟ್ರು ಬಾಳೆಹಣ್ಣು ಮಾತ್ರ ಅಲ್ವಾ ಬಿಟ್ಟದ್ದು?" ಎಂದು ಖಾತ್ರಿ ಮಾಡಿಕೊಂಡು, ಭೂಮಿಯ ಮೇಲೆ ಬೆಳೆಯುವ ಉಳಿದ ಎಲ್ಲ ಹಣ್ಣುಗಳನ್ನೂ ತಂದರು! ಮಾವು ಬುಟ್ಟಿಯಲ್ಲಿ ಬಂತು, ಚಿಕ್ಕು ಚೀಲದಲ್ಲಿ ಬಂತು, ಅನಾನಸು ಜುಟ್ಟು ಹಿಡಿಸಿಕೊಂಡು ಬಂತು. ಬೆಳ್ಮಣ್ಣಿನಿಂದ ಒಬ್ಬರು ಬಸ್ಸಿನ ಮೇಲೆ ಹೇರಿಸಿ ಹಲಸಿನ ಹಣ್ಣು ಕಳಿಸಿದರು. ನಮ್ಮ ಜಗಲಿಯಲ್ಲಿ ಮನುಷ್ಯರು ಕೂರಲು ಜಾಗವಿಲ್ಲದೆ ಇವರು ಸಂಧ್ಯಾವಂದನೆಗೆ ಒಂದು ಕಲ್ಲಂಗಡಿ ಹಣ್ಣನ್ನು ಉರುಳಿಸಿ ಜಾಗ ಮಾಡಿಕೊಂಡರು.

ಹಂಚಿಬಿಡೋಣವೆಂದರೆ ಅದು ಮೇ ತಿಂಗಳು. ಮೇ ತಿಂಗಳಿನಲ್ಲಿ ಹಲಸಿನ ಹಣ್ಣು ಹೊತ್ತು ಬರುವವರನ್ನು ಕಂಡರೆ ಕಾಪುವಿನಲ್ಲಿ ಜನ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಅವರವರ ಹಿತ್ತಿಲಲ್ಲೇ ಕೊಳೆಯುತ್ತಿರುತ್ತದಲ್ಲ! ನಮ್ಮ ದನವೂ ನಾಲ್ಕು ದಿನ ತಿಂದು ಐದನೆಯ ದಿನ ಬೆನ್ನು ತಿರುಗಿಸಿತು. ಬಿಸಾಡುವುದೆಂದರೆ ನನ್ನ ಕೈ ಬಾರದು. ಇಟ್ಟರೆ ಇವರ ಕೈ ಸುಮ್ಮನಿರದು. ಉಳಿದ ದಾರಿ ಒಂದೇ. ಮನೆಯ ಹಿತಕ್ಕಾಗಿ, ಮಾಂಗಲ್ಯದ ರಕ್ಷಣೆಗಾಗಿ, ನಾನೇ ತಿನ್ನುವುದು!

ಬೆಳಗ್ಗೆ ಅನಾನಸು ಕೊಯ್ದೆ. ಮಧ್ಯಾಹ್ನ ಹಲಸಿನ ತೊಳೆಯನ್ನು ಜೇನಿನಲ್ಲಿ ಅದ್ದಿದೆ. ಸಂಜೆ ಮಾವಿನ ರಸ ಹಿಂಡಿದೆ. ಇವರು ಕಂಬಕ್ಕೆ ಒರಗಿ ನೋಡುತ್ತಿದ್ದರು.

"ನಿಮಗೋಸ್ಕರ ತಿನ್ನುತ್ತಿದ್ದೇನೆ, ನೆನಪಿರಲಿ!" ಎಂದೆ.

"ಗಂಡನಿಗೋಸ್ಕರ ಉಪವಾಸ ಮಾಡುವವರನ್ನು ಕಂಡಿದ್ದೇನೆ," ಎಂದರು ಇವರು. "ಗಂಡನಿಗೋಸ್ಕರ ಹಲಸಿನ ಹಣ್ಣು ತಿನ್ನುವವಳನ್ನು ಈಗಲೇ ನೋಡಿದ್ದು."

"ನಿಮ್ಮ ಹಾಗೆ ನನಗೆ ಕಾಯಿಲೆ ಇಲ್ಲವಲ್ಲ! ಇಷ್ಟಕ್ಕೂ ಇದು ಹಣ್ಣು, ಸಕ್ಕರೆಯಾ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು ಹುಬ್ಬನ್ನು ಮಾಡಿನವರೆಗೆ ಏರಿಸಿದರು.

ಆ ಬೇಸಿಗೆ ವಿಪರೀತ ಬಾಯಾರಿಕೆ. ಸೆಕೆಗೆ ಇರಬೇಕೆಂದು ಇನ್ನೊಂದು ಲೋಟ ಮಾವಿನ ರಸ ಕುಡಿದೆ. ಕುಡಿದಷ್ಟೂ ಬಾಯಾರಿತು, ಬಾಯಾರಿದಷ್ಟೂ ಕುಡಿದೆ. ಹಿತ್ತಿಲ ಬಾಗಿಲಿಗೂ ನನಗೂ ಬಿಡದ ನಂಟು ಬೆಳೆಯಿತು. ಸ್ವಲ್ಪ ಓಡಾಡಿದರೆ ಸುಸ್ತು. ಗಂಡನ ಸೇವೆ ಮಾಡಿ ಮಾಡಿ ಬಳಲಿದೆನೆಂದು ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು. ಇವರಾದರೋ ದರ್ಶನಾರ್ಥಿಗಳಿಂದ ತಪ್ಪಿಸಿಕೊಳ್ಳಲು ಹೊಲ, ತೋಡು, ಕಡಲತೀರ ಎಂದು ಮೈಲಿಗಟ್ಟಲೆ ನಡೆದು ಕಬ್ಬಿಣದ ಕಂಬದಂತಾಗಿದ್ದರು.

ಮಳೆ ಸುರುವಾಗುವ ಮೊದಲು ಮಣಿಪಾಲಕ್ಕೆ ಹೋದೆವು. ನನ್ನ ವಿಜಯೋತ್ಸವದ ದಿನ! ಅಪೊಲೋನಿಯಾ ಒಳಗಿನಿಂದ ನಳಿಗೆ ಹಿಡಿದು ಬಂದಳು.

"ಭಟ್ರದ್ದು ನೀಲಿ! ಸಕ್ಕರೆಯ ಸುದ್ದಿಯೇ ಇಲ್ಲ."

"ಎಲ್ಲ ನನ್ನ ಶ್ರಮ," ಎಂದು ಎದೆಯುಬ್ಬಿಸಿ, "ಸ್ವಲ್ಪ ನೀರು ಕೊಡ್ತೀಯಾ?" ಎಂದೆ.

ಅಪೊಲೋನಿಯಾ ಹೂಜಿಯನ್ನೂ ನನ್ನನ್ನೂ ನೋಡಿದಳು. ಹೂಜಿ ತಳ ಕಂಡಿತ್ತು. "ಬಂದಾಗಿನಿಂದ ನೀವೇ ಕುಡೀತಾ ಇದ್ದೀರಲ್ಲ ಅಮ್ಮ. ನಿಮ್ಮದೂ ಒಂದು ನೋಡುವ."

"ನನ್ನದೆಂತ ನೋಡುವುದು? ನಾನು ಗಟ್ಟಿಮುಟ್ಟು!"

"ನೋಡಿದರೆ ಎಂತ ಖರ್ಚಾಗುದಿಲ್ಲ, ಬನ್ನಿ."

ಸ್ವಲ್ಪ ಹೊತ್ತಿಗೆ ಡಾಕ್ಟರ ಕೋಣೆಯಿಂದ ಕರೆ ಬಂತು. "ಶ್ರೀಮತಿ ಶ್ರೀಮತಿ!" ಚೀಟಿಯಲ್ಲಿ ಹಾಗೇ ಬರೆದಿದ್ದರು. ಒಮ್ಮೆ ಕರೆದರೆ ಸಾಲದ ರೋಗಿಯೆಂದು ತೋರಿರಬೇಕು. ಮೇಜಿನ ಮೇಲಿದ್ದ ನಳಿಗೆಯನ್ನು ನೋಡಿದೆ. ಹಂಚಿನ ಬಣ್ಣ! ಎರಡು ಸಲ ಸುಟ್ಟ ಹಂಚು!

ಇವರು ಗೇಲಿ ಮಾಡುವರೆಂದು ನೋಡಿದರೆ, ಇವರ ಮುಖ ಬಿಳುಚಿತ್ತು. ಕುರ್ಚಿ ಎಳೆದು ನನ್ನನ್ನು ಕೂರಿಸಿದರು.

"ಎಂತ ತಿಂತೀರಿ ಅಮ್ಮ?" ಎಂದರು ಡಾಕ್ಟರ್ ಲಿಯೋನೆಲ್.

"ಹಣ್ಣು ಮಾತ್ರ ಡಾಕ್ಟ್ರೇ! ದೇವರಾಣೆ, ಸಕ್ಕರೆ ಮುಟ್ಟಲಿಲ್ಲ."

"ಎಷ್ಟು ಹಣ್ಣು?"

ಇವರು ಸುಳ್ಳು ಹೇಳದವರು. ಎಲ್ಲ ಹೇಳಿದರು. ಹೇಳುತ್ತ ಹೋದಂತೆ ಡಾಕ್ಟರ ಪೆನ್ನು ನಿಂತಿತು.

"ಹಣ್ಣು ವಿಷ ಅಲ್ಲ ಅಮ್ಮ," ಎಂದರು ಅವರು ಕೊನೆಗೆ. "ಅದರಲ್ಲಿ ನಾರುಂಟು, ಸತ್ವ ಉಂಟು. ಊಟದ ಮೇಲೆ ಒಂದು ತಿಂದರೆ ಒಳ್ಳೆಯದೇ. ಆದರೆ ಅದರಲ್ಲೂ ಸಕ್ಕರೆ ಉಂಟಲ್ಲ? ರಸ ಹಿಂಡಿದರೆ ನಾರು ಹೋಯ್ತು, ಸಕ್ಕರೆ ಉಳೀತು. ನಿಮಗೆ ಕಾಯಿಲೆ ಮೊದಲೇ ಒಳಗೆ ಅಡಗಿದ್ದಿರಬಹುದು, ನೀವು ಬುಟ್ಟಿಗಟ್ಟಲೆ ತಿಂದು ಅದನ್ನು ಕರೆದು ಎಬ್ಬಿಸಿದಿರಿ. ಸದ್ಯಕ್ಕೆ ಹಣ್ಣು ಪೂರ್ತಿ ನಿಲ್ಲಿಸಿ." ಆಮೇಲೆ ಇವರ ಕಡೆ ತಿರುಗಿದರು. "ಭಟ್ರೇ, ನೀವು ದಿನಕ್ಕೊಂದು ಸಣ್ಣ ಬಾಳೆಹಣ್ಣು ಧಾರಾಳವಾಗಿ ತಿನ್ನಬಹುದು."

ಇವರು ಹಣೆ ಚಚ್ಚಿಕೊಂಡರು. "ನೀವು ಅಪ್ಪಣೆ ಕೊಟ್ಟರೆ ಆಯ್ತಾ ಡಾಕ್ಟ್ರೇ? ಊರು ಬಿಡಬೇಕಲ್ಲ!"

ಮಳೆಗಾಲದಲ್ಲಿ ಕಟಪಾಡಿಯ ನಳಿನಾಕ್ಷಿಯಮ್ಮನ ಮೊಮ್ಮಗುವಿಗೆ ನಾಮಕರಣ. ಇವರಿಗೆ ಬರಿಯ ಹಾಲು ಕೊಟ್ಟು ಕೈಮುಗಿದ ನಳಿನಾಕ್ಷಿಯಮ್ಮ ನನಗೆ ದೊಡ್ಡ ಬಟ್ಟಲಿನಲ್ಲಿ ಬಾಳೆಹಣ್ಣಿನ ರಸಾಯನ ತಂದರು.

"ಅವಳಿಗೆ ಬೇಡ," ಎಂದರು ಇವರು ಗಟ್ಟಿಯಾಗಿ. "ಅವಳಿಗೆ ಸಕ್ಕರೆ ಕಾಯಿಲೆ ಉಂಟು."

ಪಂಕ್ತಿಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಪಿಸುಗುಟ್ಟಿದೆ: "ನನ್ನದನ್ನು ಮಾತ್ರ ಊರಿಗೆಲ್ಲ ಹೇಳಬಹುದಾ?"

"ನೀನು ಆಯುಷ್ಯ ಹೋಮ ಮಾಡಿಸುವುದಿಲ್ಲವಲ್ಲ," ಎಂದು ಇವರೂ ಪಿಸುಗುಟ್ಟಿದರು.

ನಳಿನಾಕ್ಷಿಯಮ್ಮ ಬಟ್ಟಲನ್ನು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಿನಲ್ಲಿ ನಿಜವಾದ ಮರುಕವಿತ್ತು.

"ಬೇಜಾರು ಮಾಡಬೇಡಿ ಅಮ್ಮ, ನಿಮ್ಮ ಒಳ್ಳೆಯದಕ್ಕೆ ಹೇಳುವುದು. ಇಂಥ ವೈರಾಗ್ಯದ ಗಂಡನ ಜೊತೆ ಇಷ್ಟು ವರ್ಷ ಬಾಳ್ವೆ ಮಾಡಿಯೂ, ನಿಮಗೆ ಸ್ವಲ್ಪವಾದರೂ ಬಾಯಿ ಕಟ್ಟಲಿಕ್ಕೆ ಕಲಿಯಬಾರದಿತ್ತಾ?"