ಹುಳದ ಹಿಂದಿನ ನೀಲಿ

ಎಲ್ಲದಕ್ಕೂ ಮೂಲ ಒಂದು ಬಕೆಟ್ಟು. ಹೋದ ವರ್ಷ ಛಾಯಾಚಿತ್ರ ಸಂಘದ ಸ್ಪರ್ಧೆಗೆ ಬೋರಲಪ್ಪ ಕಳಿಸಿದ್ದ ಫೋಟೊ ಚೀಟಿಯೊಂದರ ಜೊತೆ ವಾಪಸು ಬಂದಿತ್ತು. 'ಹುಳ ಚೆನ್ನಾಗಿದೆ. ಹಿಂದಿರುವ ಬಕೆಟ್ಟು ಇನ್ನೂ ಚೆನ್ನಾಗಿದೆ' ಎಂದು ತೀರ್ಪುಗಾರರು ಬರೆದಿದ್ದರು. ಹೆಂಡತಿ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮನೆಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದಳು.

ಬೋರಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಿಮಾ ಕಚೇರಿಯ ಈ ಗುಮಾಸ್ತ ರಜೆ ಬಂದರೆ ಸಾಕು, ಕ್ಯಾಮೆರಾ ಹಿಡಿದು ಎಲ್ಲೆಂದರಲ್ಲಿ ನೆಲಕ್ಕೆ ಬೋರಲು ಬೀಳುತ್ತಿದ್ದುದನ್ನು ನೋಡಿ ಅಪಾರ್ಟ್‌ಮೆಂಟಿನವರು ಕೊಟ್ಟ ಬಿರುದು. ಎಂಟು ವರ್ಷದಿಂದ ಅವನಿಗಿದ್ದದ್ದು ಒಂದೇ ಆಸೆ. ಸಂಘದ ಗೋಡೆಯ ಮೇಲೆ ತಾನು ತೆಗೆದ ಚಿತ್ರವೊಂದು ತೂಗಬೇಕು, ಅದರ ಕೆಳಗೆ ತನ್ನ ನಿಜವಾದ ಹೆಸರಿರಬೇಕು.

"ಈ ಸಲವೂ ಬಹುಮಾನ ಬರ್ಲಿಲ್ಲ ಅಂದ್ರೆ ಕ್ಯಾಮೆರಾ ಅಟ್ಟ ಸೇರುತ್ತೆ, ನೋಡ್ಕೊಳ್ಳಿ" ಎಂದು ಹೆಂಡತಿ ಹೇಳಿಬಿಟ್ಟಿದ್ದಳು. ಅವಳು ಹೇಳಿದರೆ ಮುಗಿಯಿತು. ಚಿತ್ರ ಕಳಿಸಲು ಆ ಭಾನುವಾರ ಸಂಜೆ ಐದು ಗಂಟೆಯೇ ಕಡೆಯ ಗಡುವು.

ಕಟ್ಟಡದ ಹಿಂದೆ, ಕಾಂಪೌಂಡಿನ ಪಕ್ಕದಲ್ಲಿ ಯಾರೂ ನೆಡದೆ ಬೆಳೆದ ಗಿಡಗಳಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಬಿಳಿ ಹೂಗಳು ಬಿಟ್ಟಿದ್ದವು. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳಿದ್ದ ಗುಲಗಂಜಿ ಹುಳವೊಂದು ನಾಲ್ಕು ದಿನದಿಂದ ಅಲ್ಲೇ ಓಡಾಡಿಕೊಂಡಿತ್ತು. ದಂಟು ಚೌಕಟ್ಟಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಬರಬೇಕು, ಹುಳದ ಕಣ್ಣು ಸ್ಪಷ್ಟವಾಗಿರಬೇಕು, ಅದರ ಮುಖದ ಮುಂದೆ ಒಂದಿಷ್ಟು ಖಾಲಿ ಜಾಗ ಇರಬೇಕು, ಹಿಂದೆ ಏನೂ ಇರಬಾರದು. ಭಾನುವಾರ ಬೆಳಗ್ಗೆ ಏಳಕ್ಕೇ ಬೋರಲಪ್ಪ ಬೋರಲು ಬಿದ್ದ. ಹುಳ ದಂಟು ಹತ್ತುತ್ತಿತ್ತು. ಇನ್ನೇನು ಹೂವಿನ ಅಂಚಿಗೆ ಬರಬೇಕು, ಅಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಹುಲ್ಲು ಕತ್ತರಿಸುವ ಯಂತ್ರ ಗುರ್ರೆಂದಿತು.

"ಏಳ್ರೀ ಮೇಲೆ! ಇವತ್ತು ಈ ಕಳೆ ಎಲ್ಲ ಕ್ಲೀನ್ ಆಗ್ಬೇಕು" ಎಂದರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಹಿಂದೆ ಯಂತ್ರ ಹಿಡಿದ ಮಾಲಿ ನಿಂತಿದ್ದ.

"ಸಾರ್, ಸಂಜೆ ಐದರ ತನಕ ಬಿಡಿ ಸಾರ್."

"ಮೀಟಿಂಗಲ್ಲಿ ತೀರ್ಮಾನ ಆಗಿದೆ. ಬದಲಾಯಿಸಕ್ಕೆ ನಾನ್ಯಾರು?"

ಬೋರಲಪ್ಪ ದಿಕ್ಕು ತೋಚದೆ ನೋಡಿದ. ಕಾರ್ಯದರ್ಶಿಗಳು ಒಂದು ಕೈಯನ್ನು ಮಂಡಿಯ ಮೇಲೆ ಊರಿಕೊಂಡು ನಿಂತಿದ್ದರು.

"ಇದು ಕಳೆ ಅಲ್ಲ ಸಾರ್, ಔಷಧಿ. ಮಂಡಿನೋವಿಗೆ."

ಯಂತ್ರ ತಣ್ಣಗಾಯಿತು. ಕಾರ್ಯದರ್ಶಿಗಳು ಒಂದು ಹಿಡಿ ಸೊಪ್ಪು ಕಿತ್ತುಕೊಂಡು, ಯಾರಿಗೂ ಹೇಳಬೇಡಿ ಎಂದು ಬೋರಲಪ್ಪನಿಗೇ ತಾಕೀತು ಮಾಡಿ ಹೋದರು. ಅವರು ಹೇಳಿದ್ದು ತಮ್ಮ ಹೆಂಡತಿಯೊಬ್ಬಳಿಗೆ ಮಾತ್ರ. ಇಪ್ಪತ್ತೇ ನಿಮಿಷದಲ್ಲಿ ಅರ್ಧ ಅಪಾರ್ಟ್‌ಮೆಂಟು ಕೈಯಲ್ಲಿ ಚೀಲ ಹಿಡಿದು ಕೆಳಗಿಳಿಯಿತು. ಎಲ್ಲರಿಗಿಂತ ಮುಂದೆ ಹಲ್ಲಿನ ಡಾಕ್ಟರ ಅತ್ತೆ ಇದ್ದರು.

"ಅಳಿಯಂದ್ರ ಹತ್ರ ಹಲ್ಲಿಗೆ ಬಿಟ್ಟು ಬೇರೆ ಏನಕ್ಕೂ ಔಷಧಿ ಇಲ್ಲಪ್ಪ. ಇದನ್ನ ಅರೀಬೇಕಾ, ಕುದಿಸ್ಬೇಕಾ?"

"ಅರೆದು ಹಚ್ಚೋದು ಆಂಟಿ. ಕುಡಿಯೋ ಹಾಗಿಲ್ಲ." ಬೋರಲಪ್ಪನಿಗೆ ಅಷ್ಟರ ಮಟ್ಟಿಗೆ ಆತ್ಮಸಾಕ್ಷಿ ಉಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಜಾಗ ಬೋಳಾಯಿತು. ಒಂದೇ ಒಂದು ಗಿಡವನ್ನು ಬೀಜಕ್ಕೆ ಬೇಕು ಎಂದು ಸುಳ್ಳು ಹೇಳಿ, ಅದರ ಮುಂದೆ ಕಾಲು ಚಾಚಿ ಕುಳಿತು ಉಳಿಸಿಕೊಂಡ. ಆದರೆ ಹುಳವೇ ನಾಪತ್ತೆ. ಎಲೆಯೆಲೆ ತಿರುವಿ ನೋಡಿದ, ಮಣ್ಣು ಕೆದಕಿದ. ಅಳುವೇ ಬಂತು. ಸೊಪ್ಪಿನ ಜೊತೆ ಹೋಗಿರಬಹುದೇ ಎಂದು ಹೊಳೆದದ್ದು ಮೂರೂವರೆಗೆ. ಚೀಲ ಒಯ್ದವರ ಬಾಗಿಲನ್ನೆಲ್ಲ ತಟ್ಟುತ್ತ ಕಡೆಗೆ ಕಾರ್ಯದರ್ಶಿಯ ಮನೆಗೆ ಬಂದ. ಅವರು ಸೋಫಾದಲ್ಲಿ ಕಾಲು ಚಾಚಿ ಕಣ್ಮುಚ್ಚಿದ್ದರು. ಮಂಡಿಗೆ ಮೆತ್ತಿದ ಹಸಿರು ಲೇಪದ ಮೇಲೆ ಗುಲಗಂಜಿ ಹುಳ ಗಾಳಿ ಸೇವನೆಗೆ ಹೊರಟಂತೆ ನಡೆಯುತ್ತಿತ್ತು.

"ಸಾರ್, ಕಾಲು ಅಲ್ಲಾಡಿಸ್ಬೇಡಿ!"

"ಯಾಕೆ, ಔಷಧಿ ಒಳಗೆ ಇಳೀತಿದೆಯಾ?"

ಹುಳವನ್ನು ಕಾಗದಕ್ಕೆ ಹತ್ತಿಸಿಕೊಂಡು ಬೋರಲಪ್ಪ ಮೆಟ್ಟಿಲಿಳಿದ. ಕಾರ್ಯದರ್ಶಿಗಳೂ ಕುತೂಹಲದಿಂದ ಹಿಂದೆಯೇ ಬಂದರು, ಅದೂ ಮಂಡಿ ಹಿಡಿಯದೆ! ಅದನ್ನು ಕಂಡು ಉಳಿದವರೂ ಬಂದರು. ಔಷಧಿ ಕೊಟ್ಟ ಮಹಾನುಭಾವನಿಗೆ ಏನಾದರೂ ಉಪಕಾರ ಮಾಡಬೇಕೆಂದು ಎಲ್ಲರಿಗೂ ತುಡಿತ. ಹುಳ ಹೂವೇರಿತು. ಬೋರಲಪ್ಪ ಕ್ಯಾಮೆರಾಕ್ಕೆ ಕಣ್ಣಿಟ್ಟು ನರಳಿದ. ಗಿಡಗಳೆಲ್ಲ ಹೋದ ಮೇಲೆ ಹಿಂದೆ ಚರಂಡಿ ಪೈಪು, ಎರಡು ಸ್ಕೂಟರು, ಅವುಗಳ ಪಕ್ಕದಲ್ಲಿ ಮಾಲಿಯ ಬಕೆಟ್ಟು.

"ಹಿಂದೆ ಚೆನ್ನಾಗಿಲ್ವಾ? ಒಂದ್ನಿಮಿಷ ಇರಪ್ಪ" ಎಂದ ಡಾಕ್ಟರ ಅತ್ತೆ ಮನೆಗೆ ಹೋಗಿ ತಿಳಿನೀಲಿ ಬೆಡ್‌ಶೀಟು ತಂದರು. ಒಂದು ತುದಿ ಅವರು ಹಿಡಿದರು, ಇನ್ನೊಂದನ್ನು ಮಾಲಿ ಹಿಡಿದ. ಗಾಳಿ ತಡೆಯಲು ಕಾರ್ಯದರ್ಶಿಗಳು ಕೊಡೆ ಬಿಡಿಸಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಹುಳ ಹೂವಿನ ಅಂಚಿಗೆ ಬಂದು, ತಲೆ ಎತ್ತಿ, ಸಾಲ ಕೇಳಲು ಬಂದ ನೆಂಟನಂತೆ ಸಂಕೋಚದಿಂದ ನಿಂತಿತು. ಕ್ಲಿಕ್!

ಕಣ್ಣು ಸ್ಪಷ್ಟ, ದಂಟು ಓರೆ, ಹಿಂದೆ ಬರೀ ನೀಲಿ. ತನ್ನ ಜೀವಮಾನದಲ್ಲಿ ಇಂಥ ಚಿತ್ರವನ್ನು ಅವನು ತೆಗೆದೇ ಇರಲಿಲ್ಲ. ಐದಕ್ಕೆ ಎಂಟು ನಿಮಿಷವಿದ್ದಾಗ ಅದನ್ನು ಕಳಿಸಿ, ಖುಷಿ ತಡೆಯಲಾರದೆ ಮಾಲಿಯನ್ನು ತಬ್ಬಿಕೊಂಡ.

ಫಲಿತಾಂಶ ಅದೇ ಸಂಜೆಯೇ ಇತ್ತು. ಏಳು ಗಂಟೆಗೆ ಎಲ್ಲರೂ ಅವನ ಮನೆಯ ಹಾಲಿನಲ್ಲಿ ಕುಳಿತಿದ್ದಾಗ ಫೋನು ಬಂತು. ಹೆಂಡತಿ ತಾನೇ ಸ್ಪೀಕರ್ ಒತ್ತಿದಳು.

"ನಾನು ತೀರ್ಪುಗಾರ ಮಾತಾಡ್ತಿರೋದು. ನಿಮ್ಮದಕ್ಕೇ ಮೊದಲ ಬಹುಮಾನ ಅಂತ ಒಪ್ಕೊಂಡಿದೀವಿ."

ಚಪ್ಪಾಳೆ ಬಿತ್ತು. ಹೆಂಡತಿ ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿನ ಚೀಟಿ ಕಿತ್ತು ಬಿಸಾಡಿದಳು. ಬೋರಲಪ್ಪನ ಕಣ್ಣು ತುಂಬಿ ಬಂತು.

"ಹೆಸರು ಹಾಕೋ ಮುಂಚೆ ಒಂದೇ ಪ್ರಶ್ನೆ" ಎಂದರು ತೀರ್ಪುಗಾರರು. "ಆ ನೀಲಿ ಎಷ್ಟು ಚೆನ್ನಾಗಿದೆ ರೀ! ಆಕಾಶ ತಾನೇ? ನೆಲಕ್ಕೆ ಮಲಗಿ ತೆಗೆದ್ರಾ?"

ಬೆಳಗ್ಗೆಯಿಂದ ಇಷ್ಟು ಸುಳ್ಳು ಹೇಳಿದವನಿಗೆ ಇನ್ನೊಂದು ಭಾರವಾಗಿರಲಿಲ್ಲ. ಹೌದು ಎನ್ನಲು ಬೋರಲಪ್ಪ ಬಾಯಿ ತೆರೆದ.

"ಆಕಾಶ ಎಲ್ಲಿಂದ ಬರ್ಬೇಕು? ಅದು ನಮ್ಮನೆ ಬೆಡ್‌ಶೀಟು!" ಎಂದು ಡಾಕ್ಟರ ಅತ್ತೆ ಹೆಮ್ಮೆಯಿಂದ ಕೂಗಿದರು.

"ಹುಳ ನನ್ನ ಮಂಡಿದು!" ಕಾರ್ಯದರ್ಶಿಗಳೂ ಬಿಡಲಿಲ್ಲ.

ತೀರ್ಪುಗಾರರ ದನಿ ಬದಲಾಯಿತು.

"ಹೊರಗಿನಿಂದ ಏನನ್ನೂ ತಂದಿಡೋ ಹಾಗಿಲ್ಲ ಅಂತ ನಿಯಮ ಇದೆ. ನೀವು ಓದಿಲ್ವಾ?"

ಬೋರಲಪ್ಪ ಓದಿದ್ದು ಕಡೆಯ ದಿನಾಂಕದ ಸಾಲು ಮಾತ್ರ. "ಕ್ಷಮಿಸಿ, ಬಹುಮಾನ ಎರಡನೆಯವರಿಗೆ ಹೋಗುತ್ತೆ" ಎಂದು ಹೇಳಿ ಅವರು ಫೋನಿಟ್ಟರು. ಹೆಂಡತಿ ಅಟ್ಟದ ಕಡೆಗೆ ಸ್ಟೂಲು ಎಳೆದಳು. ಬೋರಲಪ್ಪ ಕ್ಯಾಮೆರಾ ಇಲ್ಲದೆಯೇ ಸೋಫಾದ ಮೇಲೆ ಬೋರಲು ಬಿದ್ದ.

ಡಾಕ್ಟರ ಅತ್ತೆಗೆ ಪಾಪ, ತುಂಬಾ ನೋವಾಯಿತು. ಅವನ ಬೆನ್ನು ಸವರುತ್ತ ಹೇಳಿದರು.

"ಬೇಜಾರ್ ಮಾಡ್ಕೋಬೇಡಪ್ಪ. ಅವರಿಗೆ ಬರೀ ನೀಲಿ ಹಿಡಿಸ್ಲಿಲ್ಲ ಅಂತ ಕಾಣುತ್ತೆ. ಮುಂದಿನ ಸಲ ಹೂವಿನ ಡಿಸೈನಿರೋ ಬೆಡ್‌ಶೀಟು ಕೊಡ್ತೀನಿ."