ಹಾಡುಗಾರರಿಗಾಗಿ ಒಂದು ತಲೆಸ್ನಾನ

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಹೆಂಡತಿ ಶಾಂತಾ ಹೇಗಿದ್ದರೂ ಹೇಳುತ್ತಾಳೆ. ವೃತ್ತಿಯಲ್ಲಿ ನಾನು ಅರಿವಳಿಕೆ ಡಾಕ್ಟರು. ಸೌತ್ ಕೆರೊಲೈನಾದ ಒಂದು ಸಣ್ಣ ಊರಿನ ಜನರನ್ನು ಮೂವತ್ತೈದು ವರ್ಷ ಮದ್ದು ಕೊಟ್ಟು ಮಲಗಿಸಿ, ಮತ್ತೆ ಎಬ್ಬಿಸಿ, ಈಗ ರಿಟೈರ್ ಆಗಿ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ ಕೂತಿದ್ದೇನೆ. ಅಷ್ಟೊಂದು ಜನರನ್ನು ತಣ್ಣಗೆ ಮಲಗಿಸಿದವನಿಗೆ ತನ್ನ ತಲೆಯನ್ನು ಮಾತ್ರ ತಣ್ಣಗಿಟ್ಟುಕೊಳ್ಳಲು ಬರಲಿಲ್ಲ. ಸಿಟ್ಟುಗಳಲ್ಲೂ ನಾನಾ ಬಗೆ. ಕಾಫಿ ಆರಿದ ಸಿಟ್ಟು, ಇನ್ಶೂರೆನ್ಸ್‌ನವರು ಫೋನಿನಲ್ಲಿ ಸಂಗೀತ ಹಾಕಿ ಕೂರಿಸಿದ ಸಿಟ್ಟು, ಇವೆಲ್ಲ ಬಂದಹಾಗೇ ಹೋಗುತ್ತವೆ. ನಮಗೆ ಬೇಕಾದವರೊಬ್ಬರು ತೀರಿಕೊಂಡಾಗ ಸುತ್ತಲಿನವರು "ಅವರು ಯಾರು?" ಎಂದು ಕೇಳುತ್ತಾರಲ್ಲ, ಆ ಸಿಟ್ಟು ಹೋಗುವುದೇ ಇಲ್ಲ.

2020ರ ಡಿಸೆಂಬರ್. ಮನೆಯಿಂದ ಹೊರಗೆ ಕಾಲಿಡದೆ ಒಂಬತ್ತು ತಿಂಗಳಾಗಿತ್ತು. ಬೆಳಗಿನ ಕಾಫಿ ಹಿಡಿದು ಫೋನ್ ನೋಡುತ್ತಿದ್ದೆ, ಸುದ್ದಿ ಬಂತು: ಅವರು ಹೋಗಿಬಿಟ್ಟರು. ಅವರು ಎಂದರೆ ಹಾಡುಗಾರರು. ಈ ದೇಶದ ಹಳ್ಳಿಗಾಡಿನ ಬಿಳಿಯರು ತಮ್ಮ ಮನೆಯ ಆಸ್ತಿ ಅಂದುಕೊಂಡಿದ್ದ ಕಂಟ್ರಿ ಸಂಗೀತದೊಳಕ್ಕೆ ಗಿಟಾರ್ ಹಿಡಿದು ನಡೆದುಬಂದ ಕರಿಯ ಮನುಷ್ಯ. ಹೆಸರು ಹೇಳಲಾರೆ. ನಮ್ಮಮ್ಮ ಬದುಕಿರುವವರೆಗೂ ಅಪ್ಪನ ಹೆಸರು ಹೇಳಲಿಲ್ಲ, "ಇವರು" ಅಂದರೆ ಮನೆಮಂದಿಗೆಲ್ಲ ಗೊತ್ತಾಗುತ್ತಿತ್ತು. ನನಗೂ ಇವರು ಹಾಗೆಯೇ. ಸುದ್ದಿ ಓದಿ ನಾನು ಏನು ಮಾಡಿದೆ ಅಂತೀರಿ? ಕಾಫಿ ಕೆಳಗಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು, ನೆಟ್ಟಗೆ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿದೆ. ನಮ್ಮ ಮನೆಯಲ್ಲಿ ದಾಯಾದಿಗಳು ಸತ್ತ ಸುದ್ದಿ ಕೇಳಿದರೆ ಮಾಡುತ್ತಿದ್ದದ್ದು ಹಾಗೆಯೇ. ಬೇಕೆಂದು ಮಾಡಿದ್ದಲ್ಲ, ಕಾಲು ತಾನಾಗಿ ಹೋಯಿತು.

ತಲೆ ಒರೆಸಿಕೊಳ್ಳುತ್ತ ಬಂದಾಗ ಶಾಂತಾ ಬಾಗಿಲಲ್ಲೇ ನಿಂತಿದ್ದಳು. ಹಬ್ಬವಿಲ್ಲ ಹರಿದಿನವಿಲ್ಲ, ಅದೂ ಚಳಿಯಲ್ಲಿ, ನಾನು ತಲೆಗೆ ನೀರು ಹಾಕಿಕೊಳ್ಳುವ ಆಸಾಮಿಯಲ್ಲ ಅಂತ ಅವಳಿಗೆ ಗೊತ್ತು. "ಯಾರ್ರೀ ಹೋದದ್ದು? ಮೈಸೂರಿಂದ ಫೋನ್ ಬಂತಾ?" ಅಂದಳು ಗಾಬರಿಯಿಂದ. ನಾನು ಹಾಡುಗಾರರ ಹೆಸರು ಹೇಳದೆ, ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನ ಒದ್ದೆ ತಲೆಯನ್ನು ನೋಡಿದಳು.

"ಇವರಿಗೆ ಸೂತಕ ಎಷ್ಟು ದಿನ? ಯಾವ ಗೋತ್ರ?"

"ಮನುಷ್ಯ ಗೋತ್ರ!" ಎಂದು ಗುಡುಗಿದೆ. ಹೇಳಿದ ಮೇಲೆ ನನಗೇ ಖುಷಿಯಾಯಿತು. ಎಂಥ ಮಾತು ಬಂತಪ್ಪ ಬಾಯಲ್ಲಿ, ಬರೆದಿಟ್ಟುಕೊಳ್ಳಬೇಕು ಅನ್ನಿಸಿತು. ಶಾಂತಾ ಮಾತ್ರ, "ಹಾಗಿದ್ರೆ ಸರಿ, ತಲೆ ಚೆನ್ನಾಗಿ ಒರೆಸ್ಕೊಳ್ಳಿ, ನೆಗಡಿ ಆದ್ರೆ ಈಗ ಎಲ್ಲರೂ ಕೊರೋನಾ ಅಂತಾರೆ" ಎಂದು ಒಳಗೆ ಹೋದಳು.

ಈ ಹಾಡುಗಾರರು ನನಗೆ ಹೇಗೆ ನೆಂಟರಾದರು ಅಂತ ಹೇಳಬೇಕು. ನಾನು ಆ ಊರಿಗೆ ಹೋದದ್ದು 1974ರಲ್ಲಿ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಆಸ್ಪತ್ರೆ ಕೊಟ್ಟರು, ಬಾಡಿಗೆ ಮನೆ ಕೊಟ್ಟರು, ಕಾರು ಓಡಿಸಲು ಬರುತ್ತದೆಯೇ ಅಂತ ಮಾತ್ರ ಕೇಳಲಿಲ್ಲ. ಡ್ರೈವಿಂಗ್ ಟೆಸ್ಟ್‌ನಲ್ಲಿ ನಾನು ಮೂರು ಸಲ ಫೇಲಾದೆ. ಮೂರನೆಯ ಸಲ ಪರೀಕ್ಷೆ ಮಾಡುವವನು ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದ. ಆಗ ಆಸ್ಪತ್ರೆಯಲ್ಲಿ ರೋಗಿಗಳನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಬರುತ್ತಿದ್ದ ಅರ್ನೆಸ್ಟ್ ಅನ್ನುವವರು, "ಡಾಕ್, ನಾನು ದಿನಾ ನಿಮ್ಮ ಮನೆ ಮುಂದೇನೇ ಹೋಗ್ತೀನಿ, ಹತ್ತಿಕೊಳ್ಳಿ" ಅಂದರು. ಅವರ ಮನೆ ಊರಿನ ಇನ್ನೊಂದು ತುದಿಯಲ್ಲಿ, ರೈಲು ಹಳಿಯ ಆಚೆ, ಕರಿಯರ ಕೇರಿಯಲ್ಲಿ ಇತ್ತು ಅಂತ ನನಗೆ ಗೊತ್ತಾದದ್ದು ತಿಂಗಳುಗಳಾದ ಮೇಲೆ. ನನ್ನ ಮನೆ ಮುಂದೆ ಹೋಗಬೇಕಾದರೆ ಅವರು ಇಡೀ ಊರು ಸುತ್ತಬೇಕಿತ್ತು. ಎಂಟು ತಿಂಗಳು ಸುತ್ತಿದರು.

ಅವರ ಪಿಕಪ್ ಟ್ರಕ್‌ನಲ್ಲಿ ಹೀಟರ್ ಕೆಟ್ಟಿತ್ತು, ಟೇಪ್ ಮಾತ್ರ ಚೆನ್ನಾಗಿತ್ತು. ದಿನಾ ಅದೇ ದನಿ. ಬಿಟ್ಟುಹೋದ ಹೆಂಡತಿ, ದೂರದ ಊರು, ಭಾನುವಾರದ ಚರ್ಚು. ನನಗೆ ಅರ್ಧ ಪದ ಅರ್ಥವಾಗುತ್ತಿರಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಪೂರ್ತಿ ಬರುತ್ತಿತ್ತು. ಒಂದು ದಿನ ನಾನು, "ಈ ಬಿಳಿಯ ಎಷ್ಟು ಚೆನ್ನಾಗಿ ಹಾಡ್ತಾನೆ!" ಅಂದೆ. ಅರ್ನೆಸ್ಟ್ ಟ್ರಕ್ ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಗಲು ಶುರುಮಾಡಿದರು. ಆಮೇಲೆ ಟೇಪಿನ ಡಬ್ಬಿ ನನ್ನ ಕೈಗೆ ಕೊಟ್ಟರು. ಅದರ ಮೇಲೆ ಅರ್ನೆಸ್ಟ್‌ರಷ್ಟೇ ಕರಿಯ ಮುಖ ನಗುತ್ತಿತ್ತು. "ಎಷ್ಟೋ ಊರುಗಳಲ್ಲಿ ಇವರು ವೇದಿಕೆ ಹತ್ತಿದಾಗ ಚಪ್ಪಾಳೆ ನಿಂತುಹೋಗುತ್ತಿತ್ತಂತೆ ಡಾಕ್. ಮತ್ತೆ ಚಪ್ಪಾಳೆ ಬೀಳಬೇಕಾದ್ರೆ ಒಂದು ಹಾಡು ಮುಗಿಯೋವರೆಗೆ ಕಾಯಬೇಕಿತ್ತಂತೆ" ಅಂದರು. ಕೇಳಿ ನನಗೆ ಕೆಂಡದಂಥ ಸಿಟ್ಟು ಬಂತು. ಅವರ ಪರವಾಗಿ ನಾನು ಸಿಟ್ಟು ಮಾಡಿಕೊಳ್ಳಲು ಶುರುಮಾಡಿದ್ದು ಆ ದಿನದಿಂದ.

ಇಂಥವರು ಹೋದರೆ ಸುಮ್ಮನಿರಲಾದೀತೇ? ನಮ್ಮ ಕನ್ನಡ ಸಂಘ ಪ್ರತಿವರ್ಷ ಡಿಸೆಂಬರ್ ಕೊನೆಗೆ ಶ್ರದ್ಧಾಂಜಲಿ ಸಭೆ ಮಾಡುತ್ತದೆ. ಆ ವರ್ಷ ತೀರಿಕೊಂಡವರ ಫೋಟೋಗಳನ್ನು ಒಂದೊಂದಾಗಿ ತೋರಿಸಿ, ಗೊತ್ತಿದ್ದವರು ಎರಡೆರಡು ಮಾತು ಆಡುತ್ತಾರೆ. ಈ ಸಲ ಝೂಮ್‌ನಲ್ಲಿ. ನಾನು ಹಾಡುಗಾರರ ಒಳ್ಳೆಯ ಫೋಟೋ ಒಂದನ್ನು ಕಳಿಸಿದೆ. ಮರುದಿನ ಸಂಘದ ಕಾರ್ಯದರ್ಶಿ ಪ್ರಶಾಂತ್ ಪಕ್ಕದೂರು ಸುವಾನಿಯಿಂದ ಫೋನ್ ಮಾಡಿದ. ಒಳ್ಳೆಯ ಹುಡುಗ, ಅಂದರೆ ನಲವತ್ತೈದು ವರ್ಷದವನು.

"ಅಂಕಲ್, ನೀವು ಕಳಿಸಿದ ಫೋಟೋ ಸಿಕ್ತು. ಮಿಸ್ಟೇಕ್ ಆಗಿ ಬೇರೆ ಯಾವ್ದೋ ಅಟ್ಯಾಚ್ ಆಗಿದೆ ಅನ್ಸುತ್ತೆ."

"ಮಿಸ್ಟೇಕ್ ಏನೂ ಇಲ್ಲ. ಅವರೇ."

"ಓ... ಇವರು ಯಾರು ಅಂಕಲ್? ನಮ್ಮವರಾ?"

ನೋಡಿ, ಆ ಒಂದು ಪದ. ನನ್ನ ಪಿತ್ತ ನೆತ್ತಿಗೇರಿತು. "ನಮ್ಮವರು ಅಂದ್ರೆ ಯಾರಪ್ಪ? ಹೋದ ವರ್ಷ ಒಬ್ಬ ಹಿಂದಿ ನಟನ ಫೋಟೋ ಹಾಕಿದ್ರಲ್ಲ, ಅವನು ನಿಮ್ಮ ಮಾವನಾ?" ಎಂದು ಕೂಗಿದೆ.

"ಹಾಗಲ್ಲ ಅಂಕಲ್, ಅವರು ಅಟ್‌ಲೀಸ್ಟ್ ಇಂಡಿಯನ್. ಈ ಸಲ ಲಿಸ್ಟ್ ತುಂಬಾ ಲಾಂಗ್ ಇದೆ, ಕಮಿಟಿಯವರು ಅಬ್ಜೆಕ್ಟ್ ಮಾಡ್ತಾರೆ..."

"ಅಬ್ಜೆಕ್ಟ್ ಮಾಡ್ತಾರಾ? ಬೇಸಿಗೆಯಲ್ಲಿ ಪೊಲೀಸರು ಆ ಕರಿಯ ಮನುಷ್ಯನನ್ನ ಕೊಂದಾಗ ನಿಮ್ಮ ಕಮಿಟಿಯವರೆಲ್ಲ ಫೇಸ್‌ಬುಕ್‌ನಲ್ಲಿ ತಮ್ಮ ಫೋಟೋ ತೆಗೆದು ಕಪ್ಪು ಚೌಕ ಹಾಕ್ಕೊಂಡಿದ್ರಲ್ಲ! ಕರಿಯರ ಜೊತೆ ನಾವಿದ್ದೇವೆ ಅಂತ ಹೇಳಿಕೆ ಕೊಟ್ರಲ್ಲ! ಮುಖ ಇಲ್ಲದ ಚೌಕ ಆದ್ರೆ ನಡೆಯುತ್ತೆ, ಮುಖ ಇರೋ ಮನುಷ್ಯ ಬಂದ್ರೆ ಲಿಸ್ಟ್ ಲಾಂಗ್ ಆಗುತ್ತಾ? ನಮ್ಮ ನಾಯಿ ಸತ್ತಾಗ ಸಂಘದಿಂದ ನಲವತ್ತು ಜನ ಮೆಸೇಜ್ ಮಾಡಿದ್ರು. ನಾಯಿ ನಮ್ಮವರಾ?"

ನಾಯಿಯ ವಿಷಯ ಬೇಕಾಗಿರಲಿಲ್ಲ, ಆದರೆ ಸಿಟ್ಟಿನಲ್ಲಿ ಇದ್ದದ್ದೆಲ್ಲ ಹೊರಗೆ ಬರುತ್ತದೆ. ಫೋನಿನ ಆ ಕಡೆ ಬಡಪಾಯಿ ಪ್ರಶಾಂತ್ ಉಗುಳು ನುಂಗಿದ್ದು ಕೇಳಿಸಿತು. "ಸರಿ ಅಂಕಲ್, ಬಿಪಿ ಏರಿಸ್ಕೋಬೇಡಿ. ಫೋಟೋ ಹಾಕ್ತೀನಿ. ಎರಡು ನಿಮಿಷ ನೀವೇ ಮಾತಾಡಿ" ಅಂದ. ಗೆದ್ದೆ! ಫೋನ್ ಇಟ್ಟು, ಯುದ್ಧದಿಂದ ಬಂದವನ ಹಾಗೆ ಅಡುಗೆಮನೆಗೆ ಹೋದೆ.

ಶಾಂತಾ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವಳ ಮುಂದೆ ಭಾಷಣದ ತಾಲೀಮು ಶುರುಮಾಡಿದೆ. ಹಾಡುಗಾರರ ದನಿ, ನಿಂತುಹೋದ ಚಪ್ಪಾಳೆ, ಅರ್ನೆಸ್ಟ್‌ರ ಟ್ರಕ್, ಕೊನೆಗೆ ಮನುಷ್ಯ ಗೋತ್ರ. ಆ ಕೊನೆಯ ಮಾತಿಗೆ ಕೈ ಹೇಗೆ ಎತ್ತಬೇಕು ಅಂತಲೂ ಯೋಚಿಸಿದ್ದೆ. ಅವಳು ತಲೆ ಎತ್ತದೆ ಕೇಳಿದಳು. "ಅರ್ನೆಸ್ಟ್ ನಮ್ಮನೆಗೆ ಯಾವಾಗ್ಲಾದ್ರೂ ಊಟಕ್ಕೆ ಬಂದಿದ್ರಾ?"

"ಬಂದಿರದೆ ಏನು? ಎಷ್ಟೊಂದು ಸಲ."

"ಹಾರನ್ ಹೊಡೆದು ಹೊರಗೇ ನಿಂತಿರ್ತಿದ್ರು. ಒಳಗೆ ಬಂದಿದ್ದು ನಾನು ನೋಡಿಲ್ಲ."

"ಗೃಹಪ್ರವೇಶಕ್ಕೆ ಬಂದಿರಲಿಲ್ವಾ?"

ಶಾಂತಾ ಚಾಕು ಕೆಳಗಿಟ್ಟಳು. ಆ ಸದ್ದಿಗೇ ನನಗೆ ನೆನಪಾಗತೊಡಗಿತು. 1977. ನಾವು ಸ್ವಂತ ಮನೆ ಕೊಂಡೆವು. ಹಸು ಸಿಗದೆ ಕ್ಯಾಲೆಂಡರಿನ ಹಸುವನ್ನು ಗೋಡೆಗೆ ಅಂಟಿಸಿ, ಎಲೆಕ್ಟ್ರಿಕ್ ಒಲೆಯ ಮೇಲೆ ಹಾಲು ಉಕ್ಕಿಸಿ, ಮನೆಯೆಲ್ಲ ಸುಟ್ಟ ವಾಸನೆ ಮಾಡಿದ ಗೃಹಪ್ರವೇಶ. ಕರೆಯುವವರ ಪಟ್ಟಿ ಬರೆದವನು ನಾನೇ. ಸುತ್ತಲಿನ ಊರುಗಳ ಭಾರತೀಯ ಡಾಕ್ಟರುಗಳು, ಆಸ್ಪತ್ರೆಯ ಸರ್ಜನ್ನು ಮತ್ತು ಅವರ ಹೆಂಡತಿ, ಬ್ಯಾಂಕಿನ ಮ್ಯಾನೇಜರು. "ನಿಮ್ಮನ್ನ ದಿನಾ ಕರ್ಕೊಂಡು ಹೋಗ್ತಿದ್ರಲ್ಲ, ಅವರು?" ಎಂದು ಶಾಂತಾ ಆಗಲೇ ಕೇಳಿದ್ದಳು.

"ನಾನು ಏನಂದಿದ್ದೆ?" ಎಂದು ಈಗ ಕೇಳಿದೆ. ಕೇಳಬಾರದಿತ್ತು.

"'ಬೇಡ, ಸಣ್ಣ ಫಂಕ್ಷನ್ನು, ನಮ್ಮವರು ಮಾತ್ರ ಸಾಕು' ಅಂದ್ರಿ. ಆ ಸರ್ಜನ್ನು ಬೂಟು ಹಾಕ್ಕೊಂಡೇ ದೇವರ ಮುಂದೆ ಬಂದು ನಿಂತಿದ್ದ. ನಾನು ಒಂದು ಡಬ್ಬಿ ತುಂಬಾ ಚಿತ್ರಾನ್ನ ಕಳಿಸಿದೆ ಅರ್ನೆಸ್ಟ್‌ಗೆ. ಮಾರನೆಯ ದಿನ ಡಬ್ಬಿ ತೊಳೆದು, ಅವರ ಹಿತ್ತಲ ಮರದ್ದು, ಅಕ್ರೋಟಿನ ಹಾಗಿರೋ ಪೀಕನ್ ಕಾಯಿ ತುಂಬಿ ಕೊಟ್ಟಿದ್ರು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅವರಿಗೆ ಯಾರು ಹೇಳಿಕೊಟ್ಟಿದ್ರೋ." ಮತ್ತೆ ಚಾಕು ಎತ್ತಿಕೊಂಡು ಮೆಲ್ಲಗೆ ಅಂದಳು. "ಮನುಷ್ಯ ಗೋತ್ರದಲ್ಲಿ ಗೃಹಪ್ರವೇಶಕ್ಕೆ ಕರೆಯೋ ಪದ್ಧತಿ ಇಲ್ವೇನೋ."

ನಲವತ್ತಾರು ವರ್ಷದಿಂದ ಜಗತ್ತಿನ ಮೇಲೆ ಕಾರಿದ ಸಿಟ್ಟು ಅಷ್ಟೂ ಬಾಗಿಲು ತಟ್ಟಿ, ವಿಳಾಸ ಸರಿಯಾಗಿ ನೋಡಿಕೊಂಡು, ವಾಪಸ್ ನನ್ನ ಮನೆಗೇ ಬಂತು. ಸಹಿ ಹಾಕಿ ತೆಗೆದುಕೊಂಡೆ.

ಭಾನುವಾರ ಝೂಮ್ ಸಭೆ. ಸಣ್ಣ ಸಣ್ಣ ಚೌಕಗಳಲ್ಲಿ ಅರವತ್ತು ಮುಖಗಳು. ಹಾಡುಗಾರರ ಫೋಟೋ ಬಂತು, ಪ್ರಶಾಂತ್ ನನ್ನ ಹೆಸರು ಕರೆದ. "ಇವರು ನಮ್ಮವರು" ಅಂತ ಶುರುಮಾಡಿದೆ. ಅಷ್ಟೇ. ಮುಂದೆ ಒಂದು ಅಕ್ಷರ ಬರಲಿಲ್ಲ. ಪರದೆಯ ಮೂಲೆಯ ನನ್ನ ಚೌಕದಲ್ಲಿ ಒಬ್ಬ ಮುದುಕ ಬಾಯಿ ತೆರೆದು ಕೂತಿದ್ದ. ಜನ ಇದನ್ನು ಮೌನಾಚರಣೆ ಅಂದುಕೊಂಡು ತಲೆ ತಗ್ಗಿಸಿದರು. ಎರಡು ನಿಮಿಷ ಆದ ಮೇಲೆ ಪ್ರಶಾಂತ್ ಕಣ್ಣೊರೆಸಿಕೊಂಡು, "ತುಂಬಾ ಮೂವಿಂಗ್ ಆಗಿತ್ತು ಅಂಕಲ್" ಅಂದ. ನಾಚಿಕೆಯಿಂದ ಸಾಯುವಂತಾಯಿತು.

ಅರ್ನೆಸ್ಟ್‌ರಿಂದ ಪ್ರತಿವರ್ಷ ಕ್ರಿಸ್ಮಸ್ ಕಾರ್ಡು ಬರುತ್ತದೆ. ಶಾಂತಾ ಉತ್ತರ ಬರೆಯುತ್ತಾಳೆ, ನಾನು ಸಹಿ ಹಾಕುತ್ತೇನೆ. ಕಾರ್ಡಿನ ಕೆಳಗೆ ಯಾವಾಗಲೂ ಅವರ ಫೋನ್ ನಂಬರ್ ಇರುತ್ತದೆ. ಸೋಮವಾರ ಬೆಳಗ್ಗೆ ಮೊದಲ ಸಲ ಅದಕ್ಕೆ ಫೋನ್ ಮಾಡಿದೆ. ಎಪ್ಪತ್ತೆಂಟು ವರ್ಷದ ದನಿ ಎತ್ತಿಕೊಂಡಿತು.

"ಡಾಕ್! ನೀವು ಫೋನ್ ಮಾಡೇ ಮಾಡ್ತೀರ ಅಂತ ಮಗಳಿಗೆ ಹೇಳ್ತಿದ್ದೆ. ಸುದ್ದಿ ಕೇಳಿದ್ರಾ? ನಮ್ಮವರು ಹೋಗಿಬಿಟ್ರು."

ನಮ್ಮವರು ಅಂದರು. ನಮ್ಮಿಬ್ಬರವರು. ಯಾವ ಕಮಿಟಿಯನ್ನೂ ಕೇಳದೆ, ನನ್ನನ್ನೂ ಸೇರಿಸಿಕೊಂಡು. ನನಗೆ ತಡೆಯಲಾಗಲಿಲ್ಲ. ಬರೆದುಕೊಂಡಿದ್ದ ಕ್ಷಮೆಯ ಮಾತೆಲ್ಲ ಮರೆತು, "ಅರ್ನೆಸ್ಟ್, ನೀವು ನಮ್ಮನೆಗೆ ಊಟಕ್ಕೆ ಬರಲೇಬೇಕು. ಈ ವಾರವೇ ಬನ್ನಿ!" ಎಂದು ಕೂಗಿಬಿಟ್ಟೆ.

ಆ ಕಡೆಯಿಂದ ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಕ್ಕ ಅದೇ ನಗು. "ಡಾಕ್, ಇಷ್ಟು ವರ್ಷ ಬಿಟ್ಟು, ಯಾರೂ ಯಾರ ಮನೆಗೂ ಹೋಗಬಾರದು ಅಂತ ಸರ್ಕಾರವೇ ಹೇಳಿರೋ ತಿಂಗಳು ನೋಡಿ ಕರೀತಿದ್ದೀರಲ್ಲ! ಡ್ರೈವಿಂಗ್ ಟೆಸ್ಟ್ ಕೊಟ್ಟ ಹಾಗೇ ಆಯ್ತು!"

ಇನ್ನೊಬ್ಬರು ಹೀಗೆ ನಕ್ಕಿದ್ದರೆ ಫೋನ್ ಕುಕ್ಕುತ್ತಿದ್ದೆ. ಈ ಸಲ ಸಿಟ್ಟೇ ಬರಲಿಲ್ಲ, ಸುಮ್ಮನೆ ಕೂತು ಕೇಳಿಸಿಕೊಂಡೆ. ನಾನು ಸುಮ್ಮನೆ ಕೂತದ್ದನ್ನು ಕಂಡು ಶಾಂತಾ ಹೆದರಿ, ಥರ್ಮಾಮೀಟರ್ ಹುಡುಕಿಕೊಂಡು ಬಂದಳು.